ಹತ್ತರ ಸ್ಕ್ರೂ

ಮಾವನವರು ಯಾರನ್ನೂ ಹೊಗಳುವವರಲ್ಲ. ಹೊಗಳಿಕೆಯನ್ನು ಬಾಯಿಯ ಮೂಲೆಯಲ್ಲಿ ಬಂಗಾರದ ಹಲ್ಲಿನ ಹಾಗೆ ಭದ್ರವಾಗಿ ಇಟ್ಟುಕೊಂಡಿದ್ದವರು. ಅಂಥವರು ಕಳೆದ ಸಲ ಬಂದಾಗ ಹಿರಿಯಳಿಯ ಕೊಟ್ಟ ಮರದ ನಾಮಫಲಕವನ್ನು ಬೆರಳಿನಿಂದ ಸವರಿ, "ಭೇಷ್" ಎಂದುಬಿಟ್ಟರು. ಪಕ್ಕದಲ್ಲೇ ನಿಂತಿದ್ದ ಕಿರಿಯಳಿಯನ ಹೊಟ್ಟೆಯಲ್ಲಿ ಅಂದು ಹತ್ತಿದ ಉರಿ ಯಾವ ಮಾತ್ರೆಗೂ ಬಗ್ಗಲಿಲ್ಲ.

ಕಿರಿಯಳಿಯನದು ಕನ್ನಡಕದ ಅಂಗಡಿ. ಹಿರಿಯಳಿಯ, ಎಂದರೆ ಅವನ ಷಡ್ಡಕ, ಕಿರಿಯಳಿಯನ ಮನೆಯ ಮೇಲಿನ ಮಹಡಿಯಲ್ಲೇ ಇದ್ದ. ಮಾವನಂಥದೇ ಪೊದೆಮೀಸೆ ಬಿಟ್ಟಿದ್ದ. ಮಾವನಂಥದೇ ಚೌಕದ ದಪ್ಪ ಕನ್ನಡಕ ಹಾಕುತ್ತಿದ್ದ. ಅದನ್ನೂ ಕಿರಿಯಳಿಯನ ಅಂಗಡಿಯಲ್ಲೇ ರಿಯಾಯಿತಿ ಕೇಳಿ ಕೊಂಡಿದ್ದ. ಮಾವನ ಪಡಿಯಚ್ಚಾಗಲು ಅವನಿಗೆ ಅಡ್ಡ ಬಂದದ್ದು ಶರೀರ ಒಂದೇ. ಮಾವನವರ ಮುಖ ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡಂತೆ ಉದ್ದಕ್ಕಿತ್ತು. ಷಡ್ಡಕನದು ಎತ್ತರದಿಂದ ಬಿದ್ದ ಹಿಟ್ಟಿನ ಮುದ್ದೆಯಂತೆ ಅಗಲಕ್ಕೆ ಹರಡಿಕೊಂಡಿತ್ತು.

ಆ ನಾಮಫಲಕವನ್ನು ಕೆತ್ತಿದ್ದು ಷಡ್ಡಕನ ಕೈಯಲ್ಲ, ಅವನು ಮನೆಯಲ್ಲೇ ಜೋಡಿಸಿದ ಸಿ.ಎನ್.ಸಿ. ಯಂತ್ರ. ಕಂಪ್ಯೂಟರಿಗೆ ಚಿತ್ರ ಕೊಟ್ಟರೆ ಮೋಟರು ಸ್ಕ್ರೂವನ್ನು ತಿರುಗಿಸುತ್ತದೆ, ಸ್ಕ್ರೂ ಕೆತ್ತುವ ತಲೆಯನ್ನು ಜರುಗಿಸುತ್ತದೆ, ಮರದಲ್ಲಿ ಚಿತ್ರ ಮೂಡುತ್ತದೆ. ಇಷ್ಟು ತಿಳಿದ ಮೇಲೆ ಕಿರಿಯಳಿಯನಿಗೆ ನಿದ್ದೆ ಬರಲಿಲ್ಲ. ಅವನೂ ತನ್ನ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಯಂತ್ರ ಕಟ್ಟಿದ. ಹೆಸರಲ್ಲ, ಸಾಕ್ಷಾತ್ ಮಾವನವರ ಮುಖವನ್ನೇ ಕೆತ್ತಿ ತಾನೂ ಒಂದು ಭೇಷ್ ಗಿಟ್ಟಿಸಬೇಕು ಎಂಬುದು ಅವನ ಹಟ. ಮಾವ ಬರುವುದು ಇವತ್ತು ಸಂಜೆ. ಉಳಿದದ್ದು ತಲೆಯನ್ನು ಎಡಕ್ಕೂ ಬಲಕ್ಕೂ ಓಡಿಸುವ ಒಂದು ಸ್ಕ್ರೂ, ಅದಕ್ಕೊಂದು ಮೋಟರು.

"ನನ್ನ ಹತ್ರ ಒಂದು ಜೊತೆ ಹೆಚ್ಚಿಗೆ ಇದೆ, ತಗೋಪ್ಪಾ," ಎಂದ ಷಡ್ಡಕ ಮೆಟ್ಟಿಲ ಮೇಲಿಂದ. "ನಿನ್ನ ಕಂಪ್ಯೂಟರಿಗೆ ನನ್ನ ಸೆಟ್ಟಿಂಗೇ ಹಾಕಿಕೊಟ್ಟಿದ್ದೀನಿ. ಕಣ್ಣು ಮುಚ್ಕೊಂಡು ಓಡಿಸು."

ಈ ಔದಾರ್ಯ ಗಾಯಕ್ಕೆ ಖಾರ ಸವರಿದಂತಾಯಿತು. "ಬೇಡ ಭಾವ, ನಾನೇ ತರ್ತೀನಿ."

"ಎಲ್ಲಿಗೆ ಹೊರಟ್ರಿ?" ಹೆಂಡತಿ ಕೇಳಿದಳು.

"ಸ್ಕ್ರೂ ತರೋಕೆ."

"ತನ್ನಿ. ಒಂದು ಲೂಸ್ ಇದೆ ಅಂತ ಅಪ್ಪ ಮದುವೆಗೆ ಮುಂಚೆನೇ ಹೇಳಿದ್ರು."

ಯಂತ್ರದ ಬಿಡಿಭಾಗಗಳ ಅಂಗಡಿಯವನು ತಲೆ ಎತ್ತದೆ ಕೇಳಿದ: "ಐದರದ್ದಾ, ಹತ್ತರದ್ದಾ?"

"ಅಂದ್ರೆ?"

"ಸ್ಕ್ರೂ ಒಂದು ಸುತ್ತು ತಿರುಗಿದಾಗ ತಲೆ ಐದು ಮಿಲಿಮೀಟರ್ ಹೋದ್ರೆ ಐದರದ್ದು. ಹತ್ತು ಹೋದ್ರೆ ಹತ್ತರದ್ದು."

"ದಪ್ಪಗೆ, ಮೀಸೆ ಬಿಟ್ಕೊಂಡು ಒಬ್ಬರು ಬರ್ತಾರಲ್ಲ, ಅವರು ಯಾವುದು ತಗೊಂಡ್ರು?"

"ಐದು."

"ಹಾಗಾದ್ರೆ ಹತ್ತು ಕೊಡಿ."

"ಮೋಟರ್?"

"ಅವರದಕ್ಕಿಂತ ದೊಡ್ಡದು."

"ಮರ ಕೆತ್ತೋಕೆ ಅವರದೇ ಹೆಚ್ಚಾಯ್ತು ಸಾರ್."

"ಮರದ ಮಾತು ಬಿಡಿ. ಮನುಷ್ಯರ ಕಣ್ಣಿಗೆ ಕಾಣಬೇಕು."

ದುಡ್ಡು ಎಣಿಸಿಕೊಳ್ಳುತ್ತ ಅಂಗಡಿಯವನು ಹಿಂದಿನಿಂದ ಕೂಗಿದ: "ಹತ್ತರದ್ದು ಹಾಕಿದ್ದೀನಿ ಅಂತ ಕಂಪ್ಯೂಟರಿಗೆ ಹೇಳೋದು ಮರೀಬೇಡಿ." ಕಿರಿಯಳಿಯ ಕೇಳಿಸಿಕೊಂಡ. ಆದರೆ ಅವನಿಗೆ ಹೇಳಬೇಕಾಗಿದ್ದದ್ದು ಕಂಪ್ಯೂಟರಿಗಲ್ಲ, ಮಾವನಿಗೆ. ಅದೂ ಷಡ್ಡಕನ ಎದುರಿಗೆ.

ಮೋಟರನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತುವಾಗ ಕೆಳಗಿನ ಮನೆಯ ನಿವೃತ್ತ ಹೆಡ್‌ಮಾಸ್ತರು ಅಡ್ಡ ಬಂದರು. ನಲ್ಲಿಯಲ್ಲಿ ನೀರು ನಿಂತು ಅವರ ಜಗತ್ತೇ ಬಕೆಟ್ಟಿನ ಆಕಾರ ತಾಳಿತ್ತು.

"ಮೋಟರ್ ತಂದ್ರಾ? ಒಳ್ಳೇದಾಯ್ತು. ನಮಗೂ ಒಂದು ಪೈಪ್ ಇಳಿಸಿ."

"ನೀರಿಗಲ್ಲ ಸಾರ್. ಕೊರೆಯೋದಕ್ಕೆ."

"ಬೋರು ಕೊರೆಯೋದಾ? ಮಹಡಿ ಮೇಲೆ?"

"ಮರ ಸಾರ್."

"ಮರದಲ್ಲಿ ಎಲ್ಲಿ ನೀರು ಬರುತ್ತೆ," ಎಂದು ಗೊಣಗಿದರೂ, ಹೆಡ್‌ಮಾಸ್ತರು ಯಾವುದಕ್ಕೂ ಇರಲಿ ಎಂದು ಬಕೆಟ್ಟನ್ನು ಹೊರಗಿಟ್ಟರು.

ಮೋಟರು ಅದಕ್ಕೆಂದು ಮಾಡಿದ್ದ ಜಾಗದಲ್ಲಿ ಕೂರಲಿಲ್ಲ. ಕನ್ನಡಕ ರಿಪೇರಿಯ ಸ್ಕ್ರೂಡ್ರೈವರು ಅದರ ಬೋಲ್ಟಿನ ಮುಂದೆ ಆನೆಗೆ ಹಲ್ಲುಕಡ್ಡಿ ಹಿಡಿದಂತೆ ಕಂಡಿತು. ಕೊನೆಗೆ ಅಡುಗೆಮನೆಯಿಂದ ಹಲಗೆಯೊಂದನ್ನು ತಂದು, ಕೊಯ್ದು, ತೂತು ಮಾಡಿ, ಮೋಟರಿಗೆ ಪೀಠ ಕಟ್ಟಿದ.

"ತರಕಾರಿ ಹೆಚ್ಚೋ ಹಲಗೆ ಎಲ್ಲಿ?"

"ಇಂಜಿನಿಯರಿಂಗಿಗೆ ಸೇರ್ತು."

"ಅದಕ್ಕಾದ್ರೂ ಸೀಟು ಸಿಕ್ತಲ್ಲ," ಎಂದಳು ಹೆಂಡತಿ.

ಮಧ್ಯಾಹ್ನ ಯಂತ್ರ ಶುರುವಾಯಿತು. ಅಗಲವಾದ ಮರದ ಹಲಗೆಯ ಎಡಭಾಗ ಮಾವನಿಗೆ; ಬಲಭಾಗವನ್ನು, ಮುಂದೆ ಎಂದಾದರೂ ಕೆತ್ತಲು, ಅತ್ತೆಯವರಿಗೆಂದು ಬಿಟ್ಟಿದ್ದ. ಧೂಳು ಮನೆಯೆಲ್ಲ ತುಂಬುತ್ತದೆಂದು ಹೆಂಡತಿ ಅವನನ್ನು ಹೊರಗೆಳೆದು ಕೋಣೆಯ ಬಾಗಿಲು ಹಾಕಿಸಿದಳು. ಒಳಗೆ ಮೋಟರು ಹಸಿದ ಕೋಣದಂತೆ ಹೂಂಕರಿಸುತ್ತಿತ್ತು. ಕೆಳಗಿನಿಂದ ಆಗಾಗ "ನೀರು ಬಂತಾ?" ಎಂಬ ಕೂಗು ಕೇಳುತ್ತಿತ್ತು. ಕಿರಿಯಳಿಯ ಹೊಸ ಅಂಗಿ ತೊಟ್ಟು, ಕನ್ನಡಿಯ ಮುಂದೆ ನಿಂತು, ಭೇಷ್ ಬಿದ್ದಾಗ ಮುಖವನ್ನು ಹೇಗಿಟ್ಟುಕೊಳ್ಳಬೇಕೆಂದು ಅಭ್ಯಾಸ ಮಾಡಿದ.

ಸದ್ದು ನಿಂತಿತು. ಬಾಗಿಲು ತೆರೆದ. ಧೂಳು ಊದಿದ.

ಮೀಸೆಯ ಒಂದೊಂದು ಕೂದಲೂ ಬಂದಿತ್ತು. ಕನ್ನಡಕದ ಚೌಕವೂ ಬಂದಿತ್ತು, ಆದರೆ ಒಂದೊಂದು ಗಾಜು ಕಿಟಕಿಯಷ್ಟು ಅಗಲವಾಗಿತ್ತು. ಮುಖ ಉದ್ದಕ್ಕೆ ಸರಿಯಾಗಿದ್ದು ಅಗಲಕ್ಕೆ ಎರಡರಷ್ಟಾಗಿ, ಮಾವನವರ ಕಿವಿ ಅತ್ತೆಯವರ ಜಾಗದಲ್ಲಿ ಹೋಗಿ ಕೂತಿತ್ತು. ಸ್ಕ್ರೂ ಐದರದ್ದೆಂದು ನಂಬಿದ ಕಂಪ್ಯೂಟರು ಪಾಪ, ತನಗೆ ತಿಳಿದಷ್ಟೇ ಸುತ್ತಿಸಿತ್ತು. ಹತ್ತರ ಸ್ಕ್ರೂ ಪ್ರತಿ ಸುತ್ತಿಗೂ ಎರಡರಷ್ಟು ದೂರ ಓಡಿತ್ತು. ಅಂಗಡಿಯವನ ಕೂಗು ಈಗ ಕಿವಿಯೊಳಗೆ ಸ್ಪಷ್ಟವಾಗಿ ಮೊಳಗಿತು.

ಅಷ್ಟರಲ್ಲಿ ಕರೆಗಂಟೆಯೂ ಮೊಳಗಿತು. ಮಾವ ಬಂದಿದ್ದರು, ಅವರ ಚೀಲ ಹಿಡಿದು ಷಡ್ಡಕನೂ. ಕಿರಿಯಳಿಯ ಹಲಗೆಯ ಮೇಲೆ ಟವೆಲ್ಲು ಎಳೆದ.

"ಏನೋ ಕೆತ್ತಿದ್ದಾರಪ್ಪಾ, ಬೆಳಿಗ್ಗೆಯಿಂದ ಊಟ ಬಿಟ್ಟು," ಎಂದು ಹೆಂಡತಿ, ಮುಖದಲ್ಲಿ ಎಂದೂ ಕಾಣದ ಹೆಮ್ಮೆಯೊಂದಿಗೆ, ಟವೆಲ್ಲು ತೆಗೆದಳು.

ಮಾವ ಬಗ್ಗಿ ನೋಡಿದರು. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದರು. ಕಿರಿಯಳಿಯ ಕಣ್ಣು ಮುಚ್ಚಿಕೊಂಡ.

"ಭೇಷ್," ಎಂದರು ಮಾವ.

ಕಿರಿಯಳಿಯ ಕಣ್ಣು ತೆರೆದ. ಎದೆ ಹೊಸ ಅಂಗಿಯ ಗುಂಡಿಯವರೆಗೆ ಉಬ್ಬಿತು.

"ನಮ್ಮ ದೊಡ್ಡಳಿಯನ ಮುಖ ಅಚ್ಚು ಹೊಯ್ದ ಹಾಗೆ ಬಂದಿದೆ," ಎಂದು ಅವರು ಮಾತು ಮುಗಿಸಿದರು.

ಎಲ್ಲರೂ ಹಲಗೆ ನೋಡಿದರು, ಷಡ್ಡಕನನ್ನು ನೋಡಿದರು. ಅದೇ ಮೀಸೆ, ಅದೇ ಕನ್ನಡಕ, ಅದೇ ಅಗಲ. ಷಡ್ಡಕ ಚೀಲವನ್ನು ಕೆಳಗಿಟ್ಟ. "ನೀನು ನನ್ನ ಕಂಡ್ರೆ ಕರುಬ್ತೀಯ ಅಂತ ಇಷ್ಟು ದಿನ ತಿಳ್ಕೊಂಡಿದ್ದೆ ಕಣೋ. ಕ್ಷಮಿಸಿಬಿಡು," ಎಂದು ಅವನನ್ನು ತಬ್ಬಿಕೊಂಡ. ಕಿರಿಯಳಿಯ ಆ ಅಪ್ಪುಗೆಯಲ್ಲಿ ಪೂರ್ತಿ ಮುಳುಗಿಹೋದ.

ತಲೆ ಹೊರಬಂದ ಮೇಲೆ ಬಾಯಿ ತೆರೆದ. "ಮಾವ, ಅದು ನೀವೇ" ಎಂದುಬಿಟ್ಟರೆ, ಕೈಗೆ ಬಂದ ಭೇಷ್ ಮತ್ತೆ ಆ ಬಾಯಿಯ ಮೂಲೆ ಸೇರುತ್ತಿತ್ತು. ಬಾಯಿ ಮುಚ್ಚಿದ.

"ಮೇಲೆ ನಿಮ್ಮ ಮನೆಗೇ ತಗೊಂಡ್ಹೋಗಿ ಭಾವ," ಎಂದ, ಕೊನೆಯ ಆಸೆಯಿಂದ.

"ನನ್ನ ಮುಖ ನಾನೇ ನೇತು ಹಾಕಿಕೊಂಡ್ರೆ ಏನು ಚೆನ್ನ? ಇಲ್ಲೇ ಇರಲಿ."

ಕಿರಿಯಳಿಯ ದಿನಾ ಊಟಕ್ಕೆ ಕೂರುವ ಕುರ್ಚಿಯ ಎದುರಿನ ಗೋಡೆಯನ್ನು ಮಾವನೇ ಆರಿಸಿದರು. ಷಡ್ಡಕ ಓಡಿಹೋಗಿ ಮೊಳೆ ತಂದು ತಾನೇ ಹೊಡೆದ. "ಮುಂದಿನ ಸಲ ನಂದೂ ಒಂದು ಮಾಡಪ್ಪಾ," ಎಂದರು ಮಾವ ಚೀಲವನ್ನು ಷಡ್ಡಕನ ಕೈಗಿಟ್ಟು ಮೇಲಿನ ಮನೆಗೆ ಹೊರಡುತ್ತ. "ಆತುರವೇನಿಲ್ಲ."

ಅವರು ಮೆಟ್ಟಿಲು ಹತ್ತುತ್ತಿದ್ದಂತೆ ಹೆಡ್‌ಮಾಸ್ತರು ಬಕೆಟ್ ಹಿಡಿದು ಬಾಗಿಲಲ್ಲಿ ಇಣುಕಿದರು.

"ಅಷ್ಟು ಹೊತ್ತು ಮೋಟರ್ ಓಡಿಸಿದ್ರಲ್ಲ, ನೀರು ಬಂತಾ?"

ಕಿರಿಯಳಿಯ ಗೋಡೆಯ ಕಡೆ ಒಮ್ಮೆ ನೋಡಿದ. ತನ್ನ ಕನ್ನಡಕ ತೆಗೆದು ಹೊಸ ಅಂಗಿಯ ಅಂಚಿನಿಂದ ಕಣ್ಣೊರೆಸಿಕೊಂಡ.

"ಬಂತು ಸಾರ್," ಎಂದ.