ದೊಡ್ಡ ಮನೆತನದ ಕಾಗದವೂ ನನ್ನ ಹಣೆಯೂ

ಆಗ ನನಗೆ ಅರವತ್ತಮೂರು. ಈಗ್ಗೆ ಹದಿನಾರು ವರ್ಷದ ಹಿಂದಿನ ಮಾತು. ಅಮೆರಿಕದ ಬ್ಯಾಂಕುಗಳು ಒಂದರ ಮೇಲೊಂದು ಬಿದ್ದ ಆ ದಿನಗಳಲ್ಲಿ ಓದಿದವರ ಕೆಲಸವೆಲ್ಲ ಹೋಯಿತು, ಓದದ ನನಗೆ ಕೆಲಸ ಸಿಕ್ಕಿತು. ಅದೂ ಕಾಗದಪತ್ರಗಳ ನಡುವೆ! ನಾನು ಕಲಿತದ್ದು ಮೂರನೇ ಕ್ಲಾಸು. ಕನ್ನಡವನ್ನೇ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವವಳು. ಇಂಗ್ಲಿಷಿನಲ್ಲಿ ರೈಲಿನ ಬೋರ್ಡು ಗುರುತು ಸಿಕ್ಕಿದರೆ ಅದೇ ಹೆಚ್ಚು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ನಾಚಿಕೆಪಡುವಷ್ಟು ಪುರಸೊತ್ತು ನನಗೆ ಯಾವತ್ತೂ ಸಿಗಲಿಲ್ಲ.

ನಾವಿದ್ದ ಫ್ಲೋರಲ್ ಪಾರ್ಕ್‌ನಲ್ಲಿ ನಮ್ಮ ಯಜಮಾನರು ಅಡಿಗೆ ಮಾಡುತ್ತಿದ್ದ ಹೋಟೆಲಿನಲ್ಲಿ ನಾನು ಹಿಟ್ಟು ರುಬ್ಬುತ್ತಿದ್ದೆ. ಗಿರಾಕಿಗಳು ಮಸಾಲೆ ದೋಸೆಯಿಂದ ಸಾದಾ ದೋಸೆಗೆ ಇಳಿದರು, ಆಮೇಲೆ ಬರುವುದನ್ನೇ ಬಿಟ್ಟರು. ಮಾಲೀಕರು ನನ್ನನ್ನು ಮನೆಯಲ್ಲಿ ಕೂರಿಸಿದರು. ನಮ್ಮ ಮಹಡಿಯ ಮೇಲಿದ್ದ ವಿದ್ಯಾ, ಬೆಂಗಳೂರಿನವಳು, ಬ್ಯಾಂಕಿನ ಕೆಲಸ ಕಳೆದುಕೊಂಡು ನ್ಯೂಜೆರ್ಸಿಯ ಒಂದು ಹಳೆಯ ಕಲ್ಲಿನ ಮನೆಗೆ ತಾತ್ಕಾಲಿಕ ಕೆಲಸಕ್ಕೆ ಹೋಗುತ್ತಿದ್ದಳು. ಈ ಅಮೆರಿಕ ದೇಶವೂ ಬ್ರಿಟಿಷರ ಕೈಯಲ್ಲಿದ್ದಾಗಿನ ಯಾವುದೋ ದೊಡ್ಡ ಮನೆತನದ ಕಾಗದಗಳನ್ನು ಅಲ್ಲಿ ಪೆಟ್ಟಿಗೆ ಪೆಟ್ಟಿಗೆ ಜೋಪಾನ ಮಾಡಿದ್ದರು. ಧೂಳು ತೆಗೆಯಲು ಜನ ಬೇಕಿತ್ತು. "ಆಂಟಿ, ನೀವೂ ಬನ್ನಿ. ಜಸ್ಟ್ ಬ್ರಷ್ ಮಾಡೋದು, ಅಷ್ಟೇ" ಎಂದಳು. ಸೀಕಾಕಸ್‌ನಲ್ಲಿ ರೈಲು ಬದಲಿಸಿ ಇಬ್ಬರೂ ಹೋಗತೊಡಗಿದೆವು.

ನನ್ನ ಜೊತೆ ಧೂಳು ತೆಗೆಯಲು ಕೂತವರು ಕೆಲಸ ಹೋದ ಇಬ್ಬರು ಬಿಳಿಯ ಪದವೀಧರರು. ಅವರಿಗೆ ಓದು ಬರುತ್ತಿತ್ತಲ್ಲ, ಅದೇ ತೊಂದರೆ. ಒಂದು ಪತ್ರ ಎತ್ತಿದರೆ ಪೂರ್ತಿ ಓದಬೇಕು, ಪಕ್ಕದವನಿಗೂ ಓದಿ ಹೇಳಬೇಕು, ಇಬ್ಬರೂ "ವಾವ್" ಅನ್ನಬೇಕು. ಇನ್ನೂರೈವತ್ತು ವರ್ಷದ ಹಿಂದೆ ಯಾರದೋ ಸೊಸೆಗೆ ಶೀತವಾದದ್ದಕ್ಕೆ ಇವರಿಗೆ ಕಣ್ಣೀರು. ನನಗೆ ಕಾಣುತ್ತಿದ್ದದ್ದು ಧೂಳು, ಮೇಣ, ನೊಣದ ಹಿಕ್ಕೆ. ದೊಡ್ಡ ಮನೆತನವೆಂದು ನೊಣ ಮರ್ಯಾದೆ ಮಾಡಿರಲಿಲ್ಲ. ಅವರು ವಾರಕ್ಕೊಂದು ಪೆಟ್ಟಿಗೆ ಮುಗಿಸಿದರೆ ನಾನು ದಿನಕ್ಕೆರಡು ಮುಗಿಸುತ್ತಿದ್ದೆ. ಅಲ್ಲಿನ ಮುಖ್ಯಸ್ಥೆ ಹೆಲೆನ್ ಬೆರಗಾಗಿ ಇದರ ಗುಟ್ಟೇನೆಂದು ಕೇಳಿದರು. "ನನಗೆ ಓದಲಿಕ್ಕೆ ಬರುವುದಿಲ್ಲ ಅಂತ ಹೇಳು ಮಾರಾಯ್ತಿ" ಎಂದೆ ವಿದ್ಯಾಳಿಗೆ. ಅವಳು ಇಂಗ್ಲಿಷಿನಲ್ಲಿ ಏನೋ ಉದ್ದಕ್ಕೆ ಹೇಳಿದಳು. ಆಮೇಲೆ ತಿಳಿಯಿತು, ನಾನು ಚಿಕ್ಕಂದಿನಿಂದ ಧ್ಯಾನ ಮಾಡುತ್ತೇನೆ ಎಂದಿದ್ದಳು. ಅಂದಿನಿಂದ ಆ ಪದವೀಧರರು ನನ್ನ ಪಕ್ಕದಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರತೊಡಗಿದರು.

ಒಂದು ಗುರುವಾರ ಕೈತಪ್ಪಿ ಒಂದು ಪತ್ರ ಕೆಳಗೆ ಬಿತ್ತು, ನನ್ನ ಕಾಲಿಗೆ ತಾಗಿತು. ಕಾಗದ ಕಾಲಿಗೆ ತಾಗಿದರೆ ನಾವು ಯೋಚನೆ ಮಾಡುತ್ತೇವೆಯೇ? ಬಸ್ ಟಿಕೆಟಾದರೂ ಸರಿ, ಎತ್ತಿ ಕಣ್ಣಿಗೊತ್ತಿಕೊಳ್ಳುವುದೇ. ಒತ್ತಿಕೊಂಡೆ. ಕೆಳಗಿಳಿಸಿ ನೋಡಿದರೆ ಸಾಲುಗಳ ನಡುವೆ ಗುಂಡಗೆ, ಕೆಂಪಗೆ ನನ್ನ ಹಣೆಯ ಕುಂಕುಮ!

ವಿದ್ಯಾ ಓಡಿಬಂದು ನೋಡಿ ಬಿಳಿಚಿಕೊಂಡಳು. ಅವಳ ಕೆಲಸ ಖಾಯಂ ಮಾಡುವುದೋ ಬೇಡವೋ ಎಂದು ಹೆಲೆನ್ ಆ ವಾರವೇ ತೀರ್ಮಾನಿಸುವವರಿದ್ದರು. ಸಿಗದಿದ್ದರೆ ಮನೆ ಖಾಲಿ ಮಾಡಿ ಟೆಕ್ಸಾಸಿನ ಅಣ್ಣನ ಮನೆಯಲ್ಲಿ ಅತ್ತಿಗೆಯ ಮುಖ ನೋಡಿಕೊಂಡಿರಬೇಕು. ನನ್ನನ್ನು ಕರೆತಂದವಳೂ ಅವಳೇ.

"ಆಂಟಿ, ಪ್ಲೀಸ್, ಸುಮ್ನೆ ಪೆಟ್ಟಿಗೇಲಿ ಇಟ್ಬಿಡಿ. ಇನ್ನು ನೂರು ವರ್ಷ ಯಾರೂ ಓಪನ್ ಮಾಡಲ್ಲ."

"ನೂರು ವರ್ಷದ ಮೇಲೆ ತೆಗೆದವರು ಆ ಸೊಸೆಯ ರಕ್ತ ಅಂತ ಅಳುತ್ತಾ ಕೂತರೆ?"

"ಅಳಲಿ ಬಿಡಿ! ನಾನೀಗ ಅಳ್ತಾ ಇದೀನಲ್ಲ, ಅದು ಕಾಣ್ಸಲ್ವಾ ನಿಮ್ಗೆ?"

ಕಾಣಿಸಿತು. ಆದರೆ ನನ್ನ ಬಾಯಿ ಯಾವತ್ತು ನನ್ನ ಮಾತು ಕೇಳಿದೆ? ಕಾಗದ ಹಿಡಿದು ನೇರ ಹೆಲೆನ್ ಮುಂದೆ ನಿಂತೆ. "ಮೈ ಹೆಡ್," ಎಂದು ಹಣೆ ತೋರಿಸಿದೆ. "ಯುವರ್ ಪೇಪರ್." ನನ್ನ ಇಂಗ್ಲಿಷ್ ಅಲ್ಲಿಗೆ ಮುಗಿಯಿತು. ಮಿಕ್ಕದ್ದನ್ನು ವಿದ್ಯಾ ಮೂಗು ಒರೆಸಿಕೊಳ್ಳುತ್ತ ಹೇಳಿದಳು. ಈ ಸಲ ಧ್ಯಾನದ ಸುದ್ದಿಯೆತ್ತದೆ, ನನಗೆ ಓದು ಬಾರದ್ದನ್ನೂ ಸೇರಿಸಿ ಇದ್ದದ್ದನ್ನು ಇದ್ದ ಹಾಗೆ.

ಹೆಲೆನ್ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಕುಂಕುಮವನ್ನು ಯಾವುದರಿಂದ ಮಾಡುತ್ತಾರೆಂದು ಕೇಳಿದರು. ಅರಿಶಿನ, ಸುಣ್ಣ ಎಂದಾಗ, ಇದಿನ್ನು ಹೋಗುವ ಕಲೆಯಲ್ಲವೆಂದು ಕಣ್ಣು ಮುಚ್ಚಿಕೊಂಡರು. ಆಮೇಲೆ ಹೇಳಿದರು: ಈ ಕಾಗದಗಳ ಮೇಲೆ ಕಾಫಿ, ಶಾಯಿ, ಜಾಮ್ ಎಲ್ಲದರ ಕಲೆಯೂ ಇದೆ, ಇಪ್ಪತ್ತು ವರ್ಷದಲ್ಲಿ ತಾವಾಗಿ ಬಂದು ಒಪ್ಪಿಕೊಂಡವರು ಇವರೊಬ್ಬರೇ. ಕಲೆ ಹೇಗಾಯಿತೆಂದು ಒಂದು ಚೀಟಿ ಬರೆದು ಪತ್ರದ ಜೊತೆ ಇಡಬೇಕು. ವಿದ್ಯಾ, ನೀನೇ ಬರೆ. ಖಾಯಂ ನೌಕರಳಾಗಿ ಅದು ನಿನ್ನ ಮೊದಲ ಕೆಲಸ.

ರೈಲಿನಲ್ಲಿ ವಿದ್ಯಾ ಒಮ್ಮೆ ನಕ್ಕಳು, ಒಮ್ಮೆ ಅತ್ತಳು, ಕೊನೆಗೆ "ನಿಮ್ ಜೊತೆ ಇನ್ನೆಲ್ಲೂ ಬರಲ್ಲ ಆಂಟಿ" ಎಂದು ನನ್ನ ಹೆಗಲ ಮೇಲೆ ನಿದ್ದೆ ಹೋದಳು. ಹೀಗೆ ನಾನೂ ಅಮೆರಿಕದ ದೊಡ್ಡ ಮನೆತನದ ದಾಖಲೆಗೆ ಸೇರಿದೆ. ಆ ಚೀಟಿಯಲ್ಲಿ ನನ್ನ ಬಗ್ಗೆ ಏನಿದೆಯೋ ನನಗೆ ಓದಲು ಬಾರದು. ಧೂಳು ಕೂತರೆ ತೆಗೆಯಬಲ್ಲೆ.

ಮರುದಿನ ಬೆಳಿಗ್ಗೆ ಮಹಡಿ ಹತ್ತಿ, ವಿದ್ಯಾಳ ಬಾಗಿಲು ಬಡಿದು, ಕುಂಕುಮ ಬಿಟ್ಟು ಸ್ಟಿಕ್ಕರ್ ಅಂಟಿಸಿಕೊಂಡವರನ್ನೆಲ್ಲ ನಲವತ್ತು ವರ್ಷ ಬೈದ ಬಾಯಿಂದಲೇ ಒಂದು ಸ್ಟಿಕ್ಕರ್ ಬೊಟ್ಟು ಕೇಳಿ ಇಸಿದುಕೊಂಡು, ಹಣೆಗೆ ಅಂಟಿಸಿಕೊಂಡೆ.