ನಾ ಮಾಡಿದ ಗ್ಯಾಸಿನ ತಪಾಸಣಿ

ಗಂಗಾವತ್ಯಾಗ ನಮ್ಮ ಓಣಿ ಇನ್ನೂ ಸುಟ್ಟು ಬೂದಿ ಆಗಿಲ್ಲಂದ್ರ ಅದು ನನ್ನ ದೆಸಿಯಿಂದ. ಹಿಂಗಂತ ನಾ ಹೋದ ತಿಂಗಳ ತನಕ ತಿಳಕೊಂಡಿದ್ದೆ.

ನಾ ಸಾಲಿ ಕಲ್ತಾಕಿ ಅಲ್ಲ. ಅಕ್ಷರ ಕೂಡಿಸಿ ಕೂಡಿಸಿ ಓದ್ತೀನಿ. ಬಸ್ಸಿನ ಬೋರ್ಡು ಓದಿ ಮುಗಿಸೂದ್ರಾಗ ಬಸ್ಸು ಹೋಗಿರ್ತೈತಿ. ಆದ್ರ ಕಿವಿಲೆ ಕೇಳಿದ್ದು ಮರಿಯಂಗಿಲ್ಲ. ಎಲ್ಲಾ ಗದ್ಲಾ ಅಲ್ಲಿಂದs ಸುರು ಆತು.

ನಮ್ಮ ಹೆಣ್ಮಕ್ಕಳ ಸಂಘಕ್ಕ ಒಬ್ಬಾಕಿ ಹುಡುಗಿ ಬಂದಿದ್ಲು. ಮನ್ಯಾಗಿನ ಸಾಮಾನು ಹೆಂಗ ಜ್ವಾಕಿಲೆ ಬಳಸಬೇಕು ಅಂತ ತಿಳಿಸಿ ಹೇಳಿದ್ಲು. ಮೊಬೈಲು ಚಾರ್ಜಿಗೆ ಹಚ್ಚಿ ದಿಂಬಿನ ಕೆಳಗ ಇಡಬ್ಯಾಡ್ರಿ. ಕುಕ್ಕರಿನ ರಬ್ಬರು ಸಡ್ಲಾದ್ರ ಬದಲಿ ಮಾಡ್ರಿ. ಏನರ ಕೊಳ್ಳುವಾಗ ಮ್ಯಾಲಿನ ಸರ್ಕಾರದ ಗುರ್ತು ನೋಡ್ರಿ, ತಾರೀಖು ನೋಡ್ರಿ. ಆಮ್ಯಾಲ ಗ್ಯಾಸಿನ ಸುದ್ದಿಗೆ ಬಂದ್ಲು. ಟ್ಯೂಬು ಸೀಳಿದ್ರ ಹೊಸಾದು ಹಾಕ್ರಿ. ಟ್ಯೂಬಿಗೆ ಅರಿವಿ ಸುತ್ತಬ್ಯಾಡ್ರಿ, ಸುತ್ತಿದ್ರ ಸೀಳಿದ್ದು ಕಾಣಂಗಿಲ್ಲ. ವಾಸ್ನಿ ಬಂದ್ರ ರೆಗ್ಯುಲೇಟರ್ ಬಂದ್ ಮಾಡ್ರಿ, ಬಾಗಲಾ ಕಿಡಕಿ ತಗೀರಿ. ಲೈಟಿನ ಬಟನ್ ಹಾಕಲೂಬ್ಯಾಡ್ರಿ, ಆರಿಸಲೂಬ್ಯಾಡ್ರಿ, ಕಡ್ಡಿ ಅಂತೂ ಗೀರಲೇಬ್ಯಾಡ್ರಿ. ಹೊರಗ ಹೋಗಿ ಫೋನ್ ಮಾಡ್ರಿ. ಎಲ್ಲಿ ಸೋರ್ತೈತಿ ನೋಡಬೇಕಂದ್ರ ಸಬಕಾರ ನೀರು ಸವರ್ರಿ, ಗುಳ್ಳಿ ಎದ್ದಲ್ಲಿ ತೂತು ಐತಿ ಅಂತ ತಿಳೀರಿ.

ನಾ ಎಲ್ಲಾ ಕೇಳಿದೆ. ಅರಿವಿ ಸುತ್ತಬ್ಯಾಡ್ರಿ ಅನ್ನೂದೊಂದು ಮಾತ್ರ ನನಗ ಹೇಳಿದ್ದಲ್ಲ ಅನಿಸ್ತು. ಯಾಕಂದ್ರ ನಮ್ಮನಿ ಟ್ಯೂಬು ಇಲಿ ಕಡೀಬಾರ್ದು ಅಂತ ನಾನs ಹಳೇ ಸೀರಿ ತುಂಡು ಸುತ್ತಿ, ದಾರಾ ಬಿಗದು ಭದ್ರ ಮಾಡಿದ್ದೆ. ಅಷ್ಟು ಛಂದ ಕಾಣತಿತ್ತು, ಅದರಾಗ ತಪ್ಪೇನೈತಿ?

ಮರುದಿನಾನೇ ನಾ ಓಣಿ ತಪಾಸಣಿಗೆ ಎದ್ದೆ. ಯಾರೂ ನೇಮಕ ಮಾಡಿರಲಿಲ್ಲ.

ಸೊಸಿ ನೀಲವ್ವ ಬಾಗಲದಾಗ ಅಡ್ಡ ನಿಂತ್ಲು. "ಅತ್ತೀ, ಊರ ಮನಿ ಆಮ್ಯಾಲ ನೋಡೀರಂತ, ಮೊದ್ಲು ನಮ್ಮನಿ ಟ್ಯೂಬ್ ಬದಲಿ ಮಾಡ್ರಿ."

"ಹೊಸಾದು ತಂದು ಟ್ರಂಕಿನ್ಯಾಗ ಇಟ್ಟೀನಲ್ಲ."

"ಟ್ರಂಕಿನ್ಯಾಗ ಇಟ್ರ ಏನು ಬಂತ್ರಿ?"

"ಹಳೇದು ಇನ್ನೂ ನಡ್ಯಾಕ ಹತ್ತೈತಿ. ಹೊಸಾದು ಯಾಕ ಹಾಳ ಮಾಡೂದು?"

ಹೊಸಾ ಚಾದರ, ಹೊಸಾ ಸ್ಟೀಲಿನ ಡಬ್ಬಿ, ಆಕಿ ತವರುಮನಿಯವ್ರು ಕೊಟ್ಟ ಹೊಸಾ ಟವೆಲ್ಲು, ಎಲ್ಲಾ ಅದs ಟ್ರಂಕಿನ್ಯಾಗ ಇದ್ವು. ಒಂದೂ ಹಾಳಾಗಿರಲಿಲ್ಲ.

ಇಲ್ಲಿ ಎರಡು ಮಾತು ಹೇಳಬೇಕು, ನಾಚಿಕಿ ಬಿಟ್ಟು ಹೇಳ್ತೀನಿ. ಮೊದಲನೇದು, ನನ್ನ ಮೂಗು ಕೆಲಸಾ ಬಿಟ್ಟು ಭಾಳ ವರ್ಷ ಆಗೈತಿ. ನಶ್ಯಾ ಏರಿಸಿ ಏರಿಸಿ ಅದೀಗ ಬರೇ ಮೂಗುತಿ ಹಾಕ್ಕೊಳ್ಳಾಕ ಐತಿ. ಎರಡನೇದು, ಆ ವಾರ ನನ್ನ ಬಲಗಾಲಿನ ಮೊಳಕಾಲು ಹಿಡದಿತ್ತು. ಬಳ್ಳೊಳ್ಳಿ, ಇಂಗು ಕೂಡಿಸಿ ಜಜ್ಜಿ, ಔಡಲೆಣ್ಣ್ಯಾಗ ಕಲಸಿ ಮೊಳಕಾಲಿಗೆ ಕಟ್ಟಿದ್ದೆ. ನಮ್ಮವ್ವ ಕಟ್ಟತಿದ್ದ ಕಟ್ಟು ಅದು. ನೋವು ಹೋಗೂ ತನಕ ಬಿಚ್ಚಬಾರ್ದು ಅಂತಿದ್ಲು. ನೋವು ಹೋಗಿರಲಿಲ್ಲ, ನಾ ಬಿಚ್ಚಿರಲಿಲ್ಲ.

ಮೂಗಿಲ್ಲದಾಕಿ ಗ್ಯಾಸಿನ ತಪಾಸಣಿ ಹೆಂಗ ಮಾಡತಿದ್ದಿ ಅಂತ ಕೇಳಬಹುದು. ಸರಳ ಐತಿ. ಅಡಗಿಮನ್ಯಾಗ ನಿಂತು, "ಏನರ ವಾಸ್ನಿ ಬರ್ತೈತೇನ?" ಅಂತ ಆ ಮನಿಯವ್ರನ್ನs ಕೇಳೂದು. ಅವ್ರು ಮೂಗು ಏರಿಸಿ, "ಹೌದ್ರಿ ಅಜ್ಜಿ, ಏನೋ ಕೊಳತಂಗ ವಾಸ್ನಿ ಬಂತು" ಅಂತಿದ್ರು. "ಗ್ಯಾಸು ಸೋರ್ತೈತಿ. ಟ್ಯೂಬು ಬದಲಿ ಮಾಡ್ರಿ" ಅಂತ ತೀರ್ಪು ಕೊಟ್ಟು ನಾ ಮುಂದಿನ ಮನಿಗೆ ಹೋಗ್ತಿದ್ದೆ.

ಹೋದ ಮನ್ಯಾಗೆಲ್ಲಾ ಸೋರತಿತ್ತು. ಒಂದು ಮನೀನೂ ತಪ್ಪಲಿಲ್ಲ. ಹೊಸಾ ಟ್ಯೂಬು ಹಾಕಿದ್ದು ನೋಡಿ ಬರೂಣಂತ ಎರಡನೇ ಸಲ ಹೋದ್ರ ಮತ್ತ ವಾಸ್ನಿ. "ಅಂಗಡಿಯವ ಡೂಪ್ಲಿಕೇಟ್ ಕೊಟ್ಟಾನ, ಗುರ್ತು ನೋಡಿ ತರಬೇಕಿಲ್ಲೇನು?" ಅಂತ ಬೈದು ಬರ್ತಿದ್ದೆ. ಓಣ್ಯಾಗ ನನ್ನ ಬಗ್ಗೆ ಒಂದು ಹೆದರಿಕಿ ಹುಟ್ಟಿತ್ತು. ಅದನ್ನ ನಾ ಮರ್ಯಾದಿ ಅಂತ ತಿಳಕೊಂಡೆ.

ನಮ್ಮ ಗ್ವಾಡಿಗೆ ಹತ್ತಿದ ಮನಿ ಖಾದರಸಾಬಂದು. ಗಾದಿ ಹೊಲಿತಾನ. ಹೇಂತಿ ರಜಿಯಾಬಿ ನನಗ ಒಡಹುಟ್ಟಿದಾಕಿಗಿಂತ ಹೆಚ್ಚು. ಅವ್ರ ಮಗಳು ನಸೀಮಾಗ ಹಿಂದೊಂದು ಸಂಬಂಧ ಮಾತು ಮುಗದ ಮ್ಯಾಲ ತಪ್ಪಿತ್ತು. ಕಾರಣಾನೂ ಹೇಳಿರಲಿಲ್ಲ. ಅವಾಗಿಂದ ರಜಿಯಾಬಿ ನಕ್ಕಿದ್ದು ನಾ ನೋಡಿಲ್ಲ. ಈಗ ಕುಷ್ಟಗಿಯಿಂದ ಹೊಸಾ ಸಂಬಂಧ ಬರೂದಿತ್ತು. ಇದು ತಪ್ಪಬಾರ್ದು ಅಂತ ಆಕಿ ದರ್ಗಾಕ್ಕ ಹೂವಿನ ಚಾದರ ಹರಕಿ ಹೊತ್ತಿದ್ಲು. ನಾನೂ ಹೇಮಗುಡ್ಡದ ದುರ್ಗವ್ವಗ ಕಾಯಿ ಹರಕಿ ಹೊತ್ತಿದ್ದೆ. ದೇವ್ರು ಎರಡೂ ಕಡಿಯಿಂದ ತಯಾರಾಗಿದ್ರು. ನಾ ಒಬ್ಬಾಕಿ ಅಡ್ಡ ಬರಬಾರ್ದಿತ್ತು.

ಅವತ್ತು ಹುಡುಗ, ಹುಡುಗನ ತಾಯಿ, ಹುಡುಗನ ದಾದಿ ಬಂದ್ರು. ದಾದಿ ಅಂದ್ರ ಅವ್ರಪ್ಪನ ತಾಯಿ, ವಯಸ್ಸಿನ್ಯಾಗ ನನ್ನ ವಾರಿಗ್ಯಾಕಿ. ಕುರ್ಚೇದಾಗ ಕುಂತು ಎಲ್ಲಾರನ್ನೂ ಬೆಲಿ ಕಟ್ಟೂ ಹಂಗ ನೋಡಾಕ ಹತ್ತಿದ್ಲು. ಹುಡುಗನ ತಾಯಿ ನಸೀಮಾನ್ನ ಮಾತಾಡಿಸಾಕ ಅಂತ ಅಡಗಿಮನಿ ಬಾಗಲಕ್ಕ ಬಂದ್ಲು. ಒಲಿ ಮ್ಯಾಲ ಬಿರಿಯಾನಿ ಕುದ್ಯಾಕ ಹತ್ತಿತ್ತು. ರಜಿಯಾಬಿ ಮುಚ್ಚಳಾ ತಗದು ನೋಡಾಕ ಹತ್ತಿದ್ಲು. ನಾ ಪಕ್ಕದಾಗ ಉಳ್ಳಾಗಡ್ಡಿ ಹೆಚ್ಚಾಕ ಕುಂತಿದ್ದೆ.

ಹುಡುಗನ ತಾಯಿ ಮೂಗಿಗೆ ಸೆರಗು ಹಿಡದ್ಲು. "ಏನೋ ವಾಸ್ನಿ ಬರ್ತೈತಲ್ರಿ?"

ನಾ ಉಳ್ಳಾಗಡ್ಡಿ ಅಲ್ಲೇ ಒಗದು ಎದ್ದೆ.

"ಗ್ಯಾಸು! ಎಲ್ಲಾರೂ ಹೊರಗ ನಡೀರಿ!"

"ಅಕ್ಕಾ, ನಿನ್ನೆನs ಟ್ಯೂಬ್ ಬದ್ಲಿ ಮಾಡೀವಿ, ನೀನs ಹೇಳಿದ್ದಿ" ಅಂದ್ಲು ರಜಿಯಾಬಿ.

"ಅದೂ ಡೂಪ್ಲಿಕೇಟ್. ನಡೀ."

ರೆಗ್ಯುಲೇಟರ್ ಬಂದ್ ಮಾಡಿದೆ. ಅಲ್ಲೀ ತನಕ ಎಲ್ಲಾ ಬರೋಬರಿ. ಆಮ್ಯಾಲ ಸಬಕಾರ ಪುಡಿ ನೀರು ಕಲಸಿದೆ. ಆ ಹುಡುಗಿ ಸವರ್ರಿ ಅಂತ ಹೇಳಿದ್ಲು. ನನಗ ಸವರಿ ರೂಢಿ ಇಲ್ಲ. ದಿನಾ ಮುಂಜಾನೆ ಅಂಗಳಕ್ಕ ನೀರು ಚಳಾ ಹೊಡದ ಕೈ ನಂದು. ಅದs ಕೈಲೆ ಒಂದು ತಂಬಿಗಿ ಎತ್ತಿ ಚಳಾ ಹೊಡದೆ. ಟ್ಯೂಬಿಗೆ ಅರ್ಧ ಬಿತ್ತು. ಉಳಿದಿದ್ದು ಬಿರಿಯಾನಿಗೆ ಬಿತ್ತು.

ಟ್ಯೂಬಿನ ಮ್ಯಾಲ ಒಂದು ಗುಳ್ಳಿ ಏಳಲಿಲ್ಲ. ಬಿರಿಯಾನ್ಯಾಗ ಭಾಳ ಎದ್ವು.

ರಜಿಯಾಬಿ ಮುಚ್ಚಳಾ ಕೈಯಾಗ ಹಿಡಕೊಂಡು ಹಂಗs ನಿಂತ್ಲು. ಆಕಿ ರಟ್ಟಿ ಹಿಡದು ಹೊರಗ ಎಳಕೊಂಡು ಬಂದೆ. ಹುಡುಗ, ಖಾದರಸಾಬ ಕೂಡಿ ದಾದಿನ್ನ ಕುರ್ಚಿ ಸಮೇತ ಎತ್ತಿದ್ರು. ಓಣಿ ಮಂದಿ ಬಾಗಲದಾಗ ನಿಂತು ನೋಡಿದ್ರು.

ಹೊರಗ ಬಂದು ನಿಂತ್ವಿ. ಹುಡುಗನ ತಾಯಿ, "ಇಲ್ಲೂ ಬರ್ತೈತಿ" ಅಂದ್ಲು.

"ಹೊರಗೂ ಹಬ್ಬೈತಿ. ಮುಂದ ನಡೀರಿ."

ಓಣಿ ತಿರುವಿನ ತನಕ ಹೋದ್ವಿ. ಅಲ್ಲೂ ಬಂತು. ಇದೇನು ಸಣ್ಣ ಸೋರಿಕಿ ಅಲ್ಲ ಅಂತ ನನಗ ಧೈರ್ಯ ಬಂತು. ಎಲ್ಲಾರನ್ನೂ ಕಾಲುವಿ ದಂಡಿ ತನಕ ನಡಿಸಿದೆ. ಹುಡುಗ ಬೆವತು ನೀರಾಗಿದ್ದ. ದಾದಿ ಕುರ್ಚೇದಾಗ ಮೆರವಣಿಗಿ ದೇವರಂಗ ಬರಾಕ ಹತ್ತಿದ್ಲು.

ಕಾಲುವಿ ದಂಡಿಗೆ ಗಾಳಿ ಬೀಸತಿತ್ತು. ಹುಡುಗನ ತಾಯಿ ಮತ್ತ ಮೂಗು ಮುಚ್ಚಿದ್ಲು. "ಬಯಲಾಗೂ ಗ್ಯಾಸ್ ಬರ್ತೈತೇನ್ರಿ, ನಿಮ್ಮೂರಾಗ?"

"ನಾ ಹೋಗಿ ಮನಿ ನೋಡಿ ಬರ್ತೀನಿ" ಅಂತ ಹೊಂಟೆ. ಸ್ವಲ್ಪ ದೂರ ಹೋಗಿದ್ದೆ, ಹಿಂದಿಂದ ದಾದಿ ಕರದ್ಲು.

"ಏ ತಂಗಿ, ಇಲ್ಲಿ ಬಾ."

ಬಂದೆ.

"ಮತ್ತ ಆ ಕಡಿ ಹೋಗು."

ಹೋದೆ.

"ಈಗ ಬಾ."

ಎಮ್ಮಿ ಕೊಳ್ಳಾಕ ಬಂದವ್ರು ನಡಿಸಿ ನೋಡ್ತಾರಲ್ಲ, ಹಂಗ ನಡಿಸಿದ್ಲು. ಆಮ್ಯಾಲ ಮಗ್ಗಲಕ ಕರದು, ಬಗ್ಗಿ ಮೂಸಿ, ನನ್ನ ಬಲಗಾಲಿಗೆ ಬೆರಳು ತೋರಿಸಿದ್ಲು.

"ಬಳ್ಳೊಳ್ಳಿ, ಇಂಗು. ಯಾವತ್ತು ಕಟ್ಟೀದಿ?"

ನಾ ಸೀರಿ ಕೆಳಗ ಜಗ್ಗಿದೆ.

"ನಾನೂ ಕಟ್ಟತೀನವ್ವ" ಅಂದ್ಲು ದಾದಿ. "ಆದ್ರ ಬಿಚ್ಚತೀನಿ."

ನೀಲವ್ವ ಗದ್ಲಾ ಕೇಳಿ ಅಲ್ಲಿಗೆ ಬಂದಿದ್ಲು. ಎಲ್ಲಾರ ಮುಂದ ಕುಂತು ಕಟ್ಟು ಬಿಚ್ಚಿದ್ಲು. ಬಿಚ್ಚಿದ ಗಳಿಗ್ಯಾಗ ಖಾದರಸಾಬ ಹಿಂದಕ್ಕ ಸರದ. ಕಾಲುವಿ ನೀರಾಗ ಮೊಳಕಾಲು ತಿಕ್ಕಿ ತಿಕ್ಕಿ ತೊಳಕೊಂಡೆ. ಆ ನೀರು ಮುಂದ ಶ್ರೀರಾಮನಗರದ ಗದ್ದಿಗೋಳಿಗೆ ಹೋಗತೈತಿ. ಅಲ್ಲಿ ಭತ್ತಕ್ಕ ಏನಾತೋ ಕೇಳಾಕ ಹೋಗಿಲ್ಲ.

ಹುಡುಗನ ತಾಯಿ ಚೀಲಾ ಹೆಗಲಿಗೆ ಹಾಕ್ಕೊಂಡ್ಲು. "ನಾವಿನ್ನ ಹೊಂಡ್ತೀವ್ರಿ. ಊಟಾನೂ ಇಲ್ಲ, ಮಾತೂ ಆಗಲಿಲ್ಲ. ಮುಂದ ನೋಡೂಣು."

ಮುಂದ ನೋಡೂಣು ಅಂದ್ರ ಏನು ಅಂತ ರಜಿಯಾಬಿಗೆ ಗೊತ್ತಿತ್ತು. ಹೋದ ಸಲದವ್ರೂ ಹಂಗs ಅಂದಿದ್ರು. ಆಕಿ ನನ್ನ ಕಡಿ ನೋಡಿದ್ಲು. ಬೈಲಿಲ್ಲ. ಬೈದಿದ್ರ ಛಲೋ ಇತ್ತು. ನನಗ ಅಲ್ಲೇ ಕಾಲುವ್ಯಾಗ ಇಳಿದು ಬಿಡೂಣು ಅನಿಸ್ತು. ಮೊಳಕಾಲ ತನಕ ಇಳಿದಿದ್ದೆ ಹೆಂಗೂ.

"ನಿಲ್ರಿ" ಅಂದೆ. "ತಪ್ಪು ನಂದು, ಹುಡುಗೀದಲ್ಲ. ನಮ್ಮನ್ಯಾಗ ಉಪ್ಪಿಟ್ಟರ ಮಾಡ್ತೀನಿ. ತಿಂದು ಹೋಗ್ರಿ. ಹಸದು ಹೋಗಬ್ಯಾಡ್ರಿ."

ದಾದಿಗೆ ಹಸಿವಾಗಿತ್ತು. "ನಡೀರಿ" ಅಂದ್ಲು. ಮತ್ತ ಕುರ್ಚಿ ಎದ್ದಿತು.

ನಮ್ಮ ಮನಿ ಸಣ್ಣದು. ಎಲ್ಲಾರೂ ಅಡಗಿಮನಿ ಬಾಗಲಕ್ಕs ಕುಂತ್ರು. ನೀಲವ್ವ ರವಾ ತರಾಕ ಅಂಗಡಿಗೆ ಹೋದ್ಲು. ನಸೀಮಾ ನನಗ ಕೈಗೂಡಿಸಾಕ ಬಂದ್ಲು. ಮರ್ಯಾದಿ ಉಳಿಸ್ಕೊಳ್ಳೂ ಗಡಿಬಿಡ್ಯಾಗ ನಾ ರೆಗ್ಯುಲೇಟರ್ ತಿರುವಿ, ಕಡ್ಡಿಪೆಟ್ಟಿಗಿ ಹುಡುಕಾಕ ಹತ್ತಿದೆ.

"ಮತ್ತ ಬಂತು ವಾಸ್ನಿ" ಅಂದ್ಲು ಹುಡುಗನ ತಾಯಿ.

ಎಲ್ಲಾರೂ ನನ್ನ ಕಾಲು ನೋಡಿದ್ರು.

"ಎಡಗಾಲಿಗೂ ಕಟ್ಟೀದೇನ?" ದಾದಿ ಕೇಳಿದ್ಲು.

"ಇಲ್ಲವ್ವ, ಆಣಿ ಮಾಡ್ತೀನಿ" ಅಂತ ಹೇಳಕೋತ ಕಡ್ಡಿ ತಗದೆ. ಗೀರಬೇಕು, ಅಷ್ಟರಾಗ ನಸೀಮಾ ನನ್ನ ಕೈ ಹಿಡದ್ಲು. ಕಡ್ಡಿ, ಪೆಟ್ಟಿಗಿ ಎರಡೂ ಕಸಗೊಂಡ್ಲು. ಒದರಲಿಲ್ಲ. ರೆಗ್ಯುಲೇಟರ್ ಬಂದ್ ಮಾಡಿದ್ಲು. ಕಿಡಕಿ ತಗದ್ಲು, ಹಿತ್ತಲ ಬಾಗಲಾ ತಗದ್ಲು. ಹುಡುಗ ಫ್ಯಾನ್ ಹಾಕಾಕ ಎದ್ದ. "ಬಟನ್ ಮುಟ್ಟಬ್ಯಾಡ್ರಿ, ದಾದಿನ್ನ ಹೊರಗ ಕರಕೊಂಡು ಹೋಗ್ರಿ" ಅಂದ್ಲು. ಪಾಪ, ಅವ ಮತ್ತ ಕುರ್ಚಿ ಎತ್ತಿದ.

ಗಾಳಿ ಆಡಿ, ವಾಸ್ನಿ ಪೂರಾ ಹೋಗೂ ತನಕ ಯಾರನ್ನೂ ಒಳಗ ಬಿಡಲಿಲ್ಲ ಆ ಹುಡುಗಿ. ಆಮ್ಯಾಲ ನಾ ಸುತ್ತಿದ ಸೀರಿ ತುಂಡು ಬಿಚ್ಚಿದ್ಲು. ಸಬಕಾರ ನೀರು ಬೆರಳಿಲೆ ಸವರಿ, ರೆಗ್ಯುಲೇಟರ್ ಒಂದೇ ಗಳಿಗಿ ಚಾಲೂ ಮಾಡಿ ನೋಡಿದ್ಲು. ಸೀಳಿದಲ್ಲೆಲ್ಲಾ ಗುಳ್ಳಿ ಎದ್ವು. ಸಾಲು ಹಿಡದು ಎದ್ವು. ತಕ್ಷಣ ಬಂದ್ ಮಾಡಿದ್ಲು. ಊರ ಟ್ಯೂಬೆಲ್ಲಾ ಬದಲಿ ಮಾಡಿಸಿದ ಇನ್ಸ್‌ಪೆಕ್ಟರ್ ಮನೀದು ಇದು.

ಆ ಕಡ್ಡಿ ಗೀರಿದ್ರ ಸಂಬಂಧ ತಪ್ಪೂದು ಹಂಗಿರ್ಲಿ, ಸಂಬಂಧಿಕರೂ ಉಳೀತಿರಲಿಲ್ಲ. ಇದರಾಗ ನಗೂ ಮಾತಿಲ್ಲ.

ಹೊರಗಿಂದ ದಾದಿ ಕೂಗಿ ಕೇಳಿದ್ಲು, "ಈ ಹುಡುಗಿಗೆ ಇದೆಲ್ಲಾ ಯಾರು ಕಲಿಸಿದ್ರು?"

"ಈ ಅಜ್ಜೀನs ರೀ" ಅಂದ್ಲು ನಸೀಮಾ. "ಮನಿಗೆ ಬಂದು ದಿನಾ ಹೇಳ್ತಿದ್ಲು."

ಆ ಮಾತಿಗೆ ನನಗ ಇನ್ನಷ್ಟು ನಾಚಿಕಿ ಆತು.

ದಾದಿ ತನ್ನ ಸೊಸಿ ಕಡಿ ತಿರುಗಿದ್ಲು. "ಈಕಿ ನಮ್ಮನಿಗೆ ಬರ್ಲಿ. ನಮ್ಮನ್ಯಾಗೂ ಗ್ಯಾಸ್ ಐತಿ, ನೀ ಯಾವತ್ತರ ಟ್ಯೂಬ್ ನೋಡೀದೇನ?"

ಹುಡುಗನ ತಾಯಿ ಹೆಗಲಿನ ಚೀಲಾ ಕೆಳಗ ಇಟ್ಟಳು. ಹುಡುಗ ಕುರ್ಚಿ ಹಿಂದ ನಿಂತು ನಸೀಮಾನ್ನ ನೋಡಿದ, ಆಕಿ ಬ್ಯಾರೆ ಕಡಿ ನೋಡಿದ್ಲು. ಖಾದರಸಾಬ ಮೂಲಿ ಅಂಗಡಿಯಿಂದ ಮಂಡಾಳ ಒಗ್ಗರಣಿ, ಮಿರ್ಚಿ ಕಟ್ಟಿಸಿಕೊಂಡು ಬಂದ. ಕಟ್ಟಿ ಮ್ಯಾಲ ಕುಂತು ಎಲ್ಲಾರೂ ತಿಂದ್ರು. ಸಂಬಂಧದ ಮಾತು ಅಲ್ಲೇ ಗಟ್ಟಿ ಆತು. ರಜಿಯಾಬಿ ನಕ್ಕಳು. ನನ್ನ ನೋಡೇ ನಕ್ಕಳು, ನಗಲಿ.

ಅವ್ರು ಹೋದ ಮ್ಯಾಲ ನಾ ಟ್ರಂಕು ತಗದೆ. ಹೊಸಾ ಟ್ಯೂಬು ಹೊರಗ ತಗದು ನೀಲವ್ವನ ಕೈಯಾಗ ಕೊಟ್ಟೆ. ಆಕಿ ಹೊಳ್ಳಿಸಿ ನೋಡಿದ್ಲು.

"ಅತ್ತೀ, ಗುರ್ತು ಬರೋಬರಿ ಐತ್ರಿ."

"ನೋಡ್ದೇನ ಮತ್ತ?"

"ತಾರೀಖು ತೀರೈತಿ."

ಲಗ್ನ ಗೊತ್ತಾಗೈತಿ. ರಜಿಯಾಬಿ ಬಂದು, "ಅಕ್ಕಾ, ನೀ ಮುಂದ ನಿಂತು ಮಾಡಬೇಕು" ಅಂದ್ಲು. ಹೋಗುವಾಗ ಬಾಗಲದಾಗ ಹೊಳ್ಳಿ ನಿಂತು, "ಅಡಗಿ ಕಡಿ ಮಾತ್ರ ಬರಬ್ಯಾಡ" ಅಂದ್ಲು.

ತಪಾಸಣಿ ಓಣ್ಯಾಗ ಇನ್ನೂ ನಡದೈತಿ. ಈಗ ನಾ ಯಾರ ಮನಿಗೆ ಹೋದ್ರೂ ಮೊದ್ಲು ಬಾಗಲದಾಗ ನಿಂತು, ಸೀರಿ ಮೊಳಕಾಲ ತನಕ ಎತ್ತಿ, ಎರಡೂ ಕಾಲು ತೋರಿಸಿ ಒಳಗ ಹೋಗ್ತೀನಿ.