ಭಾವನ ಕೆರಿಬಿಯನ್ ಸಂಸಾರ

ನಮ್ಮ ಭಾವನಿಗೆ ಸೌದಿಯ ದಮ್ಮಾಮಿನಲ್ಲಿ ಎರಡನೇ ಸಂಸಾರವಿದೆ. ಗಾಬರಿ ಬೇಡ, ನನ್ನ ಅಕ್ಕನಿಗೂ ಗೊತ್ತು! ಆ ಸಂಸಾರವೆಂದರೆ ಗಾಜಿನ ಮನೆಯೊಳಗೆ ನಿಂತಿರುವ ಕೆರಿಬಿಯನ್ ದ್ವೀಪಗಳ ಮರಗಳು. ತಮ್ಮ ಊರಿನಲ್ಲೇ ಅಪರೂಪವಾಗುತ್ತಿರುವ ಅವುಗಳನ್ನು ಉಳಿಸಲೆಂದು ಭಾವನ ಕಫೀಲ್, ಅಂದರೆ ಕೆಲಸ ಕೊಟ್ಟ ಅರಬ್ ಧಣಿ, ಆ ತೋಟ ಮಾಡಿದ್ದಾರೆ. ಭಾವನ ಕೆಲಸ ಏಸಿ ನೋಡಿಕೊಳ್ಳುವುದು ಮಾತ್ರ. ಆದರೆ ಅಷ್ಟಕ್ಕೇ ನಿಲ್ಲುವ ಜನವೇ ಅವರು?

ದಮ್ಮಾಮಿನಲ್ಲೇ ಇರುವ ನಮ್ಮ ಮನೆಗೆ ಊಟಕ್ಕೆ ಬಂದರೂ ಮೊದಲು ಏಸಿಯ ರಿಮೋಟ್ ಹಿಡಿಯುತ್ತಾರೆ.

"ಇಷ್ಟು ತಣ್ಣಗೆ ಎಂತಕ್ಕೆ ಮಾರಾಯ? ನನ್ನ ಮರಗಳು ಇದರಲ್ಲಿ ಬದುಕ್ಲಿಕ್ಕಿಲ್ಲ."

"ನಾವು ಮರಗಳಲ್ಲ ಭಾವ!"

"ಅದೇ ಬೇಜಾರು," ಎಂದು ಬಂಗುಡೆ ಮೀನಿಗೆ ಕೈ ಹಾಕುತ್ತಾರೆ.

ಕಳೆದ ವರ್ಷ ಗಯಾಕ್ ಎಂಬ ಮರದ ಎಲೆ ಉದುರತೊಡಗಿತು. ತಜ್ಞರು ಕೈಚೆಲ್ಲಿದರು. ಭಾವನಿಗೆ ಊರಿನ ಮದ್ದು ನೆನಪಾಯಿತು: ಮೀನು ತೊಳೆದ ನೀರು! ನಮ್ಮ ಹಿತ್ತಿಲ ತೆಂಗಿಗೂ ಬಸಳೆಗೂ ಅದೇ ಅಲ್ಲವೇ ಟಾನಿಕ್? ಬಕೆಟ್ ತುಂಬ ತಂದು ಸುರಿದರು. ಆದರೆ ಅದು ಬಾಗಿಲು ಮುಚ್ಚಿದ ಗಾಜಿನ ಮನೆ. ಭಾವನೇ ಕೂರಿಸಿದ ಏಸಿ ಆ ಪರಿಮಳವನ್ನು ಮೂಲೆಮೂಲೆಗೂ ಹಂಚಿತು. ಮರುದಿನ ಅತಿಥಿಗಳೊಂದಿಗೆ ಬಂದ ಕಫೀಲ್ ಮೂಗು ಮುಚ್ಚಿಕೊಂಡರು. ಹೊರಗೆ ದಮ್ಮಾಮಿನ ಬೆಕ್ಕುಗಳ ಮಹಾಸಭೆ!

"ಯಲ್ಲಾ, ಬೇಗ ಕಿತ್ತು ಬಿಸಾಡಿ ಆ ಮರವನ್ನು!" ಎಂದು ಗುಡುಗಿದರು.

ಭಾವ ಅಡ್ಡ ನಿಂತರು. "ಚಿಗುರುವವರೆಗೆ ಬಿಡಿ. ನಾನೇ ನೋಡಿಕೊಳ್ಳುತ್ತೇನೆ, ರಜೆಗೂ ಹೋಗುವುದಿಲ್ಲ."

ಕಫೀಲ್ ಒಪ್ಪಿದರು. ಒಪ್ಪದವಳು ಅಕ್ಕ. ಎರಡು ವರ್ಷಗಳಿಂದ ಗಂಡನ ರಜೆಗಾಗಿ ಊರಿನಲ್ಲಿ ಕಾಯುತ್ತಿದ್ದವಳು ಆಕೆ. ಫೋನಿನಲ್ಲಿ ಸಿಡಿದಳು: "ಒಣಗಿದ ಮರಕ್ಕೋಸ್ಕರ ನನ್ನನ್ನು ಬಿಟ್ಟಿರಾ?"

"ನನಗೆ ಮಾತಾಡ್ಲಿಕ್ಕೆ ನೀನಾದರೂ ಇದ್ದಿ ಮಾರಾಯ್ತಿ. ಆ ಮರದ ಊರಲ್ಲಿ ಅದರವರೇ ಹೆಚ್ಚು ಉಳಿದಿಲ್ಲವಂತೆ."

ಅಕ್ಕ ಫೋನ್ ಕಟ್ ಮಾಡಿದಳು. ಆಮೇಲೆ ವಾರಗಟ್ಟಲೆ ಮಾತಿಲ್ಲ. ಭಾವ ನಮ್ಮಲ್ಲಿಗೆ ಬಂದರೂ ಊಟ ಮಾಡುತ್ತಿರಲಿಲ್ಲ. ಒಂದು ಮರದಿಂದ ಒಂದು ಸಂಸಾರ ಮುರಿಯುತ್ತದೆಯೇನೋ ಎಂದು ನನಗೆ ನಿಜಕ್ಕೂ ಹೆದರಿಕೆಯಾಯಿತು.

ಕೊನೆಗೆ ಅಕ್ಕನೇ ವಿಸಿಟ್ ವೀಸಾದಲ್ಲಿ ಬಂದಿಳಿದಳು, ಬಾಯಿ ತುಂಬ ಜಗಳ ಹೊತ್ತುಕೊಂಡು. "ಮೊದಲು ಆ ಮರ ತೋರಿಸು," ಎಂದಳು ನನಗೆ.

ಗಾಜಿನ ಮನೆಯಲ್ಲಿ ಭಾವ ಬೋಳು ಮರದ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಿದ್ದರು. ಅಕ್ಕ ಮರವನ್ನು ನೋಡಲೇ ಇಲ್ಲ.

"ಎಷ್ಟು ಸಪೂರ ಆಗಿದ್ದೀರಿ!" ಎಂದಳು.

ಭಾವ ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟರು. ನನ್ನ ಕಣ್ಣೂ ಒದ್ದೆಯಾಯಿತು.

"ಇದು ಚಿಗುರಲಿಕ್ಕೆ ಎಷ್ಟು ದಿನ ಬೇಕು?" ಅಕ್ಕ ಮೆಲ್ಲಗೆ ಕೇಳಿದಳು.

"ಗೊತ್ತಿಲ್ಲ. ಚಿಗುರದೆಯೂ ಇರಬಹುದು."

ಅಕ್ಕ ಮೈಮೇಲಿನ ಕಪ್ಪು ನಿಲುವಂಗಿ ಅಬಾಯಾ ಸರಿಪಡಿಸಿಕೊಂಡು ಅವರ ಪಕ್ಕದಲ್ಲೇ ನೆಲಕ್ಕೆ ಕುಳಿತಳು.

"ಹಾಗಾದರೆ ಇಬ್ಬರೂ ಕಾಯುವ."